ಚೇರ್ ಚಿಕ್ಕಯ್ಯ ಕೇಳಿದ ಒಂದು ಹೆಸರು

ತಾನೇ ಹೊತ್ತು ತಂದು, ತಾನೇ ಒದ್ದೆ ಬಟ್ಟೆಯಲ್ಲಿ ಒರೆಸಿ, ತಾನೇ ಹಗ್ಗ ಹಿಡಿದು ಸಾಲು ನೋಡಿ ಹಾಕಿದ ಕುರ್ಚಿಯಿಂದ ತನ್ನನ್ನೇ ಎಬ್ಬಿಸಿದರಲ್ಲ, ಆ ಸಿಟ್ಟು ಚಿಕ್ಕಯ್ಯನಿಗೆ ಇವತ್ತಿಗೂ ಆರಿಲ್ಲ. ಆರಲಿ ಎಂದು ಅವನು ಬಯಸಿದ್ದೂ ಇಲ್ಲ. ಸಿಟ್ಟು ನುಂಗಿಕೊಂಡು ದೊಡ್ಡ ಮನುಷ್ಯರಾಗುವವರು ಬೇರೆ ಇದ್ದಾರೆ, ಚಿಕ್ಕಯ್ಯ ಆ ಪೈಕಿ ಅಲ್ಲ. ಬೂದಿ ಮುಚ್ಚಿದ ಕೆಂಡವನ್ನು ಬೆಳಗಿನ ಒಲೆಗೆ ಉಳಿಸಿಕೊಳ್ಳುವ ಹಾಗೆ ಅವನು ಅದನ್ನು ಉಳಿಸಿಕೊಂಡಿದ್ದಾನೆ.

ಕುಂಬಾರಕೊಪ್ಪಲಿನಲ್ಲಿ ಚೇರ್ ಚಿಕ್ಕಯ್ಯನ ಮನೆ ಎಲ್ಲಿ ಎಂದರೆ ಯಾರಾದರೂ ತೋರಿಸುತ್ತಾರೆ. ಮನೆ ಮುಂದೆ ಆಳೆತ್ತರ ಪೇರಿಸಿಟ್ಟ ಪ್ಲಾಸ್ಟಿಕ್ ಕುರ್ಚಿಗಳು, ಸುತ್ತಿಟ್ಟ ಶಾಮಿಯಾನ, ಗೋಡೆಗೆ ಒರಗಿಸಿದ ಗಳಗಳು, ಒಂದು ಗೂಡ್ಸ್ ಆಟೋ. ಹೆತ್ತವಳು ಬಾಣಂತನದಲ್ಲೇ ಹೋದ ಮೇಲೆ ಅವನನ್ನು ಸಾಕಿದ್ದು ದೊಡ್ಡಪ್ಪನ ಹೆಂಡತಿ ಚಲುವಮ್ಮ. ಅವನಿಗೆ ಅವಳು ದೊಡ್ಡವ್ವ. ನಾಲ್ಕನೇ ಕ್ಲಾಸಿನಲ್ಲಿ, ಮಾಡದ ತಪ್ಪಿಗೆ ಮೇಷ್ಟ್ರು ಕೆನ್ನೆಗೆ ಹೊಡೆದರೆಂದು ಸ್ಲೇಟನ್ನು ಅವರ ಮೇಜಿನ ಮೇಲೇ ಕುಕ್ಕಿ ಎದ್ದು ಬಂದವನು ಮತ್ತೆ ಸ್ಕೂಲಿನ ಕಡೆ ತಲೆ ಹಾಕಿಯೂ ಮಲಗಲಿಲ್ಲ. ದೊಡ್ಡವ್ವ ಬೈಯಲೂ ಇಲ್ಲ, ಮುದ್ದು ಮಾಡಲೂ ಇಲ್ಲ. ಲಷ್ಕರ್ ಮೊಹಲ್ಲಾದ ಶಾಮಿಯಾನದ ಸಾಹೇಬರೊಬ್ಬರ ಹತ್ತಿರ ಕರೆದುಕೊಂಡು ಹೋಗಿ, ಇವನಿಗೆ ಗಂಟು ಹಾಕುವುದು ಕಲಿಸಿ, ಬಿಚ್ಚುವುದು ಇವನಿಗೆ ಹುಟ್ಟಿನಿಂದಲೇ ಬರುತ್ತದೆ ಎಂದು ಹೇಳಿ ಬಿಟ್ಟು ಬಂದಳು. ಅಲ್ಲಿ ಕಲಿತ ಕೆಲಸ ಅವನ ಕೈ ಬಿಡಲಿಲ್ಲ. ಸಾಹೇಬರು ಮುದುಕರಾಗಿ ಅಂಗಡಿ ಮುಚ್ಚಿದಾಗ ಅವರ ಹಳೇ ಕುರ್ಚಿಗಳನ್ನು ಇಟ್ಟುಕೊಂಡು ತನ್ನದೇ ಶುರು ಮಾಡಿದ.

ಮದುವೆ, ನಾಮಕರಣ, ತಿಥಿ, ಎಲೆಕ್ಷನ್ ಭಾಷಣ, ಎಲ್ಲಕ್ಕೂ ಅವನ ಕುರ್ಚಿ ಹೋಗುತ್ತಿತ್ತು. ಆದರೆ ಅವನಿಗೆ ಇಷ್ಟವಾಗಿದ್ದು ವಿಶ್ವವಿದ್ಯಾನಿಲಯದ ಕೆಲಸ. ಯಾವ ವಿಶ್ವವಿದ್ಯಾನಿಲಯ ಎಂದು ಹೇಳಿ ಜಗಳ ತರುವುದು ಬೇಡ, ಮೈಸೂರಿನಲ್ಲಿ ಅವಕ್ಕೇನು ಬರಗಾಲವಿಲ್ಲ. ಅಲ್ಲಿ ತಿಂಗಳಿಗೊಂದಾದರೂ ಸಾರ್ವಜನಿಕ ಉಪನ್ಯಾಸ ಇರುತ್ತಿತ್ತು. ಕುರ್ಚಿ ಹಾಕಿದವರು ವಂದನಾರ್ಪಣೆ ಮುಗಿಯುವವರೆಗೆ ವೇದಿಕೆಯ ಹಿಂದೆ, ಪರದೆಯ ಆಚೆ ಕಾಯಬೇಕು. ಚಿಕ್ಕಯ್ಯ ಅಲ್ಲಿ ಕೂತು ಅದೆಷ್ಟು ಭಾಷಣ ಕೇಳಿದ್ದಾನೋ. ಮಾತಾಡುವವರ ಮುಖ ಅವನು ನೋಡಿದವನಲ್ಲ, ಪರದೆಯ ಕೆಳಗೆ ಕಾಣುವ ಹಿಮ್ಮಡಿ ಅಷ್ಟೇ. ಸುಳ್ಳು ಹೇಳುವಾಗ ಹಿಮ್ಮಡಿ ಮೇಲೆತ್ತಿ ಬೆರಳ ತುದಿಯಲ್ಲಿ ನಿಲ್ಲುತ್ತಾರೆ ಎಂದು ಹೆಂಡತಿ ಚಂದ್ರಮತಿಯ ಹತ್ತಿರ ಹೇಳುತ್ತಿದ್ದ. "ಕೊನೆಯದಾಗಿ ಒಂದು ಮಾತು" ಎಂದವರು ಇನ್ನೂ ಅರ್ಧ ಗಂಟೆ ಎಳೆಯುತ್ತಾರೆ, ಆಗ ಒಂದು ಬೀಡಿ ಸೇದಿ ಬರಬಹುದು ಎನ್ನುತ್ತಿದ್ದ. ತಮಾಷೆ ಮಾಡಿದರೂ ಕೇಳುವುದನ್ನು ಬಿಡುತ್ತಿರಲಿಲ್ಲ. ನದಿಯ ಬಗ್ಗೆ, ನಕ್ಷತ್ರದ ಬಗ್ಗೆ, ಹಳೇ ರಾಜರ ತೆರಿಗೆಯ ಬಗ್ಗೆ ಕೇಳಿಕೊಂಡು ಬಂದು ಊಟಕ್ಕೆ ಕೂತಾಗ ದೊಡ್ಡವ್ವನಿಗೆ ಹೇಳುತ್ತಿದ್ದ. ಅವಳು ಮುದ್ದೆ ಮುರಿಯುತ್ತಾ ಹೂಂಗುಟ್ಟುತ್ತಿದ್ದಳು.

ಹೀಗಿರುವಾಗ ಆ ವಿಶ್ವವಿದ್ಯಾನಿಲಯದಿಂದ ಧರಣಿ ಮೇಡಂ ಕುಂಬಾರಕೊಪ್ಪಲಿಗೆ ಬಂದರು. ಊರು ಬೆಳೆದು ಮೈಸೂರಿನ ಹೊಟ್ಟೆಗೆ ಸೇರಿಹೋದ ಕೊಪ್ಪಲುಗಳ ಬಗ್ಗೆ ಅವರ ಸಂಶೋಧನೆ. ವಯಸ್ಸು ಚಿಕ್ಕದು, ಮಾತು ಮೆತ್ತಗೆ. ಅವರ ಅಪ್ಪನೂ ಹಳ್ಳಿಯಿಂದ ಬಂದು ಮೈಸೂರಿನಲ್ಲಿ ಕೂಲಿ ಮಾಡಿದವನೇ ಎಂದು ಹೇಳಿಕೊಂಡ ಮೇಲೆ ಚಲುವಮ್ಮ ಅವರಿಗೆ ಒಳಗಿನ ಚಾಪೆ ಹಾಸಿದಳು. ದಿನಗಟ್ಟಲೆ ಬಂದರು. ಮೊಬೈಲನ್ನು ಮುದುಕಿಯ ಮುಂದಿಟ್ಟು ರೆಕಾರ್ಡು ಮಾಡಿಕೊಂಡರು. ಚಲುವಮ್ಮ ತಾನು ಮದುವೆಯಾಗಿ ಬಂದದ್ದು, ತಾನೂ ತನ್ನ ಅಕ್ಕ ರಾಚಮ್ಮನೂ ಒಂದೇ ಮನೆಗೆ ಸೊಸೆಯರಾದದ್ದು, ಇಬ್ಬರೂ ಇಟ್ಟಿಗೆ ಗೂಡಿಗೆ ಮಣ್ಣು ಹೊತ್ತದ್ದು, ಎಲ್ಲ ಹೇಳಿದಳು. ಒಂದು ದಿನ ಮಣ್ಣಿನ ಗುಂಡಿಯ ದಡ ಕುಸಿದು ರಾಚಮ್ಮ ಒಳಗೇ ಉಳಿದದ್ದನ್ನೂ ಹೇಳಿದಳು. ಮಕ್ಕಳಾಗುವ ಮೊದಲೇ ಸತ್ತವಳು. ಫೋಟೋ ಇಲ್ಲ, ಸಮಾಧಿ ಇಲ್ಲ. ಗುಂಡಿ ಇದ್ದ ಜಾಗದಲ್ಲಿ ಈಗ ಮೂರಂತಸ್ತಿನ ಮನೆಗಳು. ಅವಳ ಹೆಸರು ಹಿಡಿದು ಕರೆಯುವ ಬಾಯಿ ಈ ಲೋಕದಲ್ಲಿ ಚಲುವಮ್ಮನದು ಒಂದೇ.

"ನಿಮ್ ದೊಡ್ ಸಭೇಲಿ ನಮ್ಮಕ್ಕನ್ ಎಸ್ರು ಏಳವ್ವ," ಎಂದು ಕೇಳಿದಳು ಚಲುವಮ್ಮ. "ಎಸ್ರು ಒಂದ್ ಏಳುದ್ರೆ ಸಾಕು."

ಹೇಳದೆ ಇರುತ್ತೇನಾ ಅಜ್ಜಿ, ನೀವೇ ಬಂದು ಕೇಳಿ ಎಂದರು ಧರಣಿ ಮೇಡಂ. ಆಹ್ವಾನ ಪತ್ರಿಕೆಯನ್ನೂ ತಂದುಕೊಟ್ಟರು. ಸರ್ವರಿಗೂ ಆದರದ ಸುಸ್ವಾಗತ ಎಂದು ಬಣ್ಣದಲ್ಲಿ ಅಚ್ಚಾಗಿತ್ತು. ಸಂಜೆ ನಾಲ್ಕಕ್ಕೆ ಎಂದಿತ್ತು.

ಕೊಪ್ಪಲಿನವರು ಮಾಡಿದ ತಪ್ಪು ಇಷ್ಟೇ, ಪತ್ರಿಕೆಯಲ್ಲಿ ಬರೆದದ್ದನ್ನು ನಂಬಿದರು. ಸ್ವಾಗತ ಎಂದರೆ ಸ್ವಾಗತ, ನಾಲ್ಕು ಎಂದರೆ ನಾಲ್ಕು ಎಂದುಕೊಂಡರು. ಮೂರೂವರೆಗೇ ಹೋಗಿ, ಮದುವೆ ಮನೆಗೆ ಹೋದ ಹಾಗೆ ಒಳ್ಳೇ ಸೀರೆ ಉಟ್ಟುಕೊಂಡು, ಮುಂದಿನ ಸಾಲುಗಳಲ್ಲಿ ಕೂತರು. ಮುದುಕಿಗೆ ಕಿವಿ ಮಂದ, ಅದಕ್ಕೇ ಎಲ್ಲಕ್ಕಿಂತ ಮುಂದಿನ ಕುರ್ಚಿ. ಆವತ್ತು ಚಿಕ್ಕಯ್ಯನೂ ಪರದೆಯ ಹಿಂದೆ ಹೋಗಲಿಲ್ಲ. ದೊಡ್ಡವ್ವನ ಪಕ್ಕದಲ್ಲಿ ಕೂತ. ಮೊದಲ ಸಲ ಭಾಷಣ ಮಾಡುವವರ ಮುಖ ನೋಡುತ್ತೇನಲ್ಲ ಎಂದು ಅವನಿಗೆ ಒಳಗೊಳಗೇ ಖುಷಿ.

ನಾಲ್ಕೂವರೆ ದಾಟಿದ ಮೇಲೆ ಕಾರ್ಯಕ್ರಮದ ಉಸ್ತುವಾರಿ ಸದಾಶಿವಯ್ಯನವರು ಎದೆಗೆ ಬ್ಯಾಡ್ಜು ಚುಚ್ಚಿಕೊಂಡು ಬಂದರು. ಮುಂದಿನ ಸಾಲು ನೋಡಿ ಅವರ ಮುಖ ಹುಳ್ಳಗಾಯಿತು. ಇವು ಗಣ್ಯರಿಗೆ, ಹಿಂದೆ ಹೋಗಿ ಎಂದರು. ಹಿಂದೆ ಹೋದರು. ಅಷ್ಟರಲ್ಲಿ ಕಾಲೇಜುಗಳಿಂದ ಬಸ್ಸಿನಲ್ಲಿ ಹುಡುಗರು ಬಂದಿಳಿದರು. ಇದು ವಿದ್ಯಾರ್ಥಿಗಳಿಗೆ, ಇನ್ನೂ ಹಿಂದೆ ಎಂದರು. ಇನ್ನೂ ಹಿಂದೆ ಎಂದರೆ ಶಾಮಿಯಾನದ ಆಚೆ. ಹೆಂಗಸರು ಸೆರಗು ಸರಿಮಾಡಿಕೊಂಡು ಒಬ್ಬೊಬ್ಬರಾಗಿ ಎದ್ದರು. ಎದ್ದವರ ಮುಖವನ್ನು ಚಿಕ್ಕಯ್ಯ ನೋಡಿದ. ಅವನು ಮಾತ್ರ ಏಳಲಿಲ್ಲ, ದೊಡ್ಡವ್ವನನ್ನೂ ಏಳಲು ಬಿಡಲಿಲ್ಲ.

"ಏನಪ್ಪಾ ಚಿಕ್ಕಯ್ಯ, ಕೆಲಸದವನು ನೀನು, ಇಲ್ಲೇನು ಕೂತಿದೀಯ?" ಎಂದರು ಸದಾಶಿವಯ್ಯ. ನೀನು ಎದ್ದರೆ ನಿಮ್ಮ ಜನ ಶಾಮಿಯಾನದ ಪಕ್ಕ ನಿಂತು ಕೇಳಲಿ, ಏಳದಿದ್ದರೆ ಎಲ್ಲರನ್ನೂ ಗೇಟಿನ ಆಚೆ ಕಳಿಸುತ್ತೇನೆ ಎಂದು ಮೆಲ್ಲಗೆ ಸೇರಿಸಿದರು. ಜನರ ಮುಖ ನೋಡಿ ಚಿಕ್ಕಯ್ಯ ಎದ್ದ. ಅವನ ಜೀವಮಾನದಲ್ಲಿ ಅವನು ಬಾಗಿದ್ದು ಅದೊಂದೇ ಸಲ. ಅದೂ ತನಗಾಗಿ ಅಲ್ಲ.

ಬಾಗಿ ಸಿಕ್ಕಿದ್ದೇನು? ಕರೆಂಟು ಹೋಯಿತು. ಶಾಮಿಯಾನದ ಪಕ್ಕದಲ್ಲಿ, ಸರಿಯಾಗಿ ಇವರು ನಿಂತಿದ್ದ ಜಾಗದಲ್ಲಿ, ಜನರೇಟರ್ ಗುಡುಗತೊಡಗಿತು. ಸ್ಪೀಕರುಗಳೆಲ್ಲ ಒಳಮುಖ. ಧರಣಿ ಮೇಡಂ ಎದ್ದು ನಿಂತರು, ಕೈಯಾಡಿಸಿದರು, ತುಟಿ ಅಲುಗಿತು. ಒಂದು ಅಕ್ಷರ ಕೇಳಲಿಲ್ಲ. ಚಲುವಮ್ಮ ಗಳ ಹಿಡಿದುಕೊಂಡು, ಕಿವಿಗೆ ಅಂಗೈ ಒತ್ತಿಕೊಂಡು ಕೊನೆವರೆಗೂ ನಿಂತಳು. ಜನರೇಟರ್ ತನ್ನದಾಗಿದ್ದರೆ ಅಲ್ಲೇ ಆರಿಸಿ ಕತ್ತಲೆ ಮಾಡಿಬಿಡುತ್ತಿದ್ದೆ ಎಂದು ಚಿಕ್ಕಯ್ಯ ಈಗಲೂ ಹಲ್ಲು ಕಡಿಯುತ್ತಾನೆ. ಇಷ್ಟಕ್ಕೂ ಆ ಗಣ್ಯರು ಬರಲೇ ಇಲ್ಲ. ಮುಂದಿನ ಸಾಲು ಬಿಳೀ ಕವರು ಹಾಕಿಕೊಂಡು, ಹಿಂದೆ ರಿಬ್ಬನ್ನಿನ ಹೂವು ಕಟ್ಟಿಕೊಂಡು ಖಾಲಿ ಕೂತಿತ್ತು. ಖಾಲಿ ಕುರ್ಚಿಗೆ ಕೊಟ್ಟ ಮರ್ಯಾದೆಯನ್ನು ಎಂಬತ್ತು ದಾಟಿದ ಮುದುಕಿಗೆ ಕೊಡಲಿಲ್ಲ. ಇದನ್ನು ಯಾವ ಪಾಠಶಾಲೆಯಲ್ಲಿ ಕಲಿಸುತ್ತಾರೋ, ನಾಲ್ಕನೇ ಕ್ಲಾಸಿನವರೆಗೆ ಮಾತ್ರ ಓದಿದವನಿಗೆ ಗೊತ್ತಿಲ್ಲ.

ಮುಗಿದ ಮೇಲೆ ಧರಣಿ ಮೇಡಂಗೆ ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಫೋಟೋ ತೆಗೆದು ಕಾರು ಹತ್ತಿಸಿಬಿಟ್ಟರು. ಚಲುವಮ್ಮ ದಾರಿಯಲ್ಲಿ ಸಿಕ್ಕ ಹುಡುಗಿಯರನ್ನೆಲ್ಲ ನಿಲ್ಲಿಸಿ, ರಾಚಮ್ಮ ಅನ್ನೋ ಹೆಸರು ಬಂತೇ ಎಂದು ಕೇಳಿದಳು. ಸ್ಲೈಡು ತೋರಿಸಿದರು ಅಜ್ಜಿ, ಚೆನ್ನಾಗಿತ್ತು ಎಂದಳು ಒಬ್ಬಳು. ಇನ್ನೊಬ್ಬಳು ನಕ್ಕು, ಹಿಂದೆ ಕೂತಿದ್ದೆ, ಮೊಬೈಲು ನೋಡ್ತಿದ್ದೆ ಎಂದಳು. ಅವಳಾದರೂ ನಿಜ ಹೇಳಿದಳು.

ಅವತ್ತು ಮನೆಯಲ್ಲಿ ಚಂದ್ರಮತಿ ಸಮಾಧಾನ ಮಾಡಲು ನೋಡಿದಳು. ನೀನೇ ಹೇಳಿದ ಕತೆ, ನಿನಗೆ ಗೊತ್ತಿಲ್ಲದ್ದು ಅದರಲ್ಲೇನಿದೆ ಅತ್ತೆ ಎಂದಳು.

"ನಾ ಏಳಿದ್ನ ಅವ್ಳು ಸರ್ಯಾಗ್ ಏಳುದ್ಲಾ ಅಂತ ನೋಡ್ಬ್ಯಾಡ್ವೇನಮ್ಮಿ? ನನ್ ಬಾಯಿಂದ ಇಸ್ಕೊಂಡೋದ್ಲು. ಅಕ್ಕುನ್ ಎಸ್ರು ಏಳುದ್ಲೋ, ಯಾವಳೋ ಒಬ್ಳು ಸತ್ಲು ಅಂದ್ಬುಟ್ಲೋ."

ಅಲ್ಲಿಂದ ಚಿಕ್ಕಯ್ಯ ಅಲೆಯಲು ಶುರು ಮಾಡಿದ. ಡಿಪಾರ್ಟ್‌ಮೆಂಟಿಗೆ ಹೋದರೆ ಮೇಡಂ ಮೀಟಿಂಗಿನಲ್ಲಿ. ಫೋನು ಮಾಡಿದರೆ ಕ್ಲಾಸಿನಲ್ಲಿ. ಕೊಪ್ಪಲಿಗೆ ದಿನಾ ಬರಲು ಇದ್ದ ಪುರುಸೊತ್ತು ಒಂದು ಹೂಂ ಅಥವಾ ಉಹೂಂ ಎನ್ನಲು ಇರಲಿಲ್ಲ. ದೊಡ್ಡವ್ವ ಬಾಗಿಲಲ್ಲಿ ಕೂತು ಅವನ ಆಟೋ ಸದ್ದಿಗೆ ತಲೆ ಎತ್ತುತ್ತಿದ್ದಳು. ಅವನು ತಲೆ ಅಲ್ಲಾಡಿಸುತ್ತಾ ಒಳಗೆ ಬರುತ್ತಿದ್ದ.

ವರ್ಷ ತಿರುಗಿ ಬಂತು. ವಿಶ್ವವಿದ್ಯಾನಿಲಯದವರು ಸಮುದಾಯ ದಿನ ಎಂದು ಇಟ್ಟುಕೊಂಡರು. ಊರಿನ ಜನರನ್ನು ಕರೆದು, ಅವರ ಜೊತೆ ಮಾತಾಡುವ ಹಬ್ಬವಂತೆ ಅದು. ಧರಣಿ ಮೇಡಂ ವೇದಿಕೆಯ ಮೇಲಿರುತ್ತಾರೆ. ಸದಾಶಿವಯ್ಯ ಏನೂ ನಡೆದೇ ಇಲ್ಲ ಎನ್ನುವ ಹಾಗೆ ಕುರ್ಚಿಗೆ ಫೋನು ಮಾಡಿದರು. ಚಿಕ್ಕಯ್ಯ ಆಗಲಿ ಸಾ ಎಂದ. ಚಂದ್ರಮತಿಗೆ ಆಶ್ಚರ್ಯ.

"ಅಲ್ಲಾ, ಮಾನ ಮರ್ಯಾದೆ ಇಲ್ವಾ ನಿಮ್ಗೆ? ಯಾಕ್ ಒಪ್ಕೊಂಡ್ರಿ?"

"ಸುಮ್ಕಿರಮ್ಮಿ. ಕುರ್ಚಿ ಬೇರೆಯೋರ್ದಾದ್ರೆ ನಾನ್ ಏನ್ ಮಾಡಕ್ಕಾಯ್ತದೆ?"

ಬೆಳಗ್ಗೆ ಆಳುಗಳ ಜೊತೆ ಹೋಗಿ ಎಂದಿನ ಹಾಗೆ ಕುರ್ಚಿ ಹಾಕಿದ. ಮುಂದೆ ಸೋಫಾಗಳನ್ನೂ ಇಟ್ಟ. ಆಮೇಲೆ ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡು, ಬಿಳೀ ಪಂಚೆ ಉಟ್ಟು, ಗೂಡ್ಸ್ ಆಟೋದ ಹಿಂದೆ ಒಂದು ಕುರ್ಚಿ ಕಟ್ಟಿ, ಅದರ ಮೇಲೆ ದೊಡ್ಡವ್ವನನ್ನು ಕೂರಿಸಿದ. ಚಂದ್ರಮತಿ ಹಿಡಿದುಕೊಂಡು ನಿಂತಳು. ಮುದುಕಿ ಸಿಗ್ನಲ್ಲಿನಲ್ಲಿ ನಿಂತ ಕಾರುಗಳನ್ನು ಮೇಲಿನಿಂದ ನೋಡಿಕೊಂಡು ಬಂದಳು. ಹಿಂದೆ ಕೊಪ್ಪಲಿನವರು ಸಿಕ್ಕಿದ್ದನ್ನು ಹತ್ತಿಕೊಂಡು ಬಂದರು. ಚಲುವಮ್ಮನನ್ನು ನಟ್ಟ ನಡುವಿನ ಸೋಫಾದಲ್ಲಿ ಕೂರಿಸಿ, ಉಳಿದವರು ಆಚೆ ಈಚೆ ಕೂತರು. ಚಿಕ್ಕಯ್ಯ ಕೊನೆಯಲ್ಲಿ ಕೂತ.

ಸದಾಶಿವಯ್ಯ ಓಡಿ ಬಂದರು. ಇದು ಮುಖ್ಯ ಅತಿಥಿಗಳ ಜಾಗ ಎಂದರು. ಯಾರೂ ಏಳಲಿಲ್ಲ. ಮೊದಲು ಅಪ್ಪಾ ಎಂದರು, ಆಮೇಲೆ ಮಾರಾಯ ಎಂದರು, ಕೊನೆಗೆ ಪೊಲೀಸು ಎಂದರು.

ಚಿಕ್ಕಯ್ಯ ಕೂತಲ್ಲಿಂದಲೇ ಹೇಳಿದ. "ಕರೀರಿ ಸಾ. ಕುರ್ಚಿ ನಂದು. ಇವ್ರುನ್ನ ಎಬ್ಬುಸೋದಾದ್ರೆ ಇಲ್ಲಿರೋ ಅಷ್ಟೂ ಕುರ್ಚಿ ಎಬ್ಬುಸ್ತೀನಿ. ನಿಮ್ ಅತಿಥಿಗೋಳು ನೆಲದ್ ಮ್ಯಾಲ್ ಕುಂತ್ಕೊಂಡು ಸಮುದಾಯ ಮಾಡ್ಲಿ."

ಹಾಗೆಂದವನು ಹಿಂದೆ ತಿರುಗಿ, ಕೊನೇ ಸಾಲಿನಿಂದ ಎತ್ತಕ್ಕೆ ಶುರು ಮಾಡ್ರೋ ಎಂದು ಆಳುಗಳಿಗೆ ಕೂಗಿದ. ಅವರು ಇದಕ್ಕೇ ಕಾಯುತ್ತಿದ್ದವರ ಹಾಗೆ ಖಾಲಿ ಕುರ್ಚಿಗಳನ್ನು ಒಂದರ ಮೇಲೊಂದು ಕುಕ್ಕತೊಡಗಿದರು. ಟಪ್, ಟಪ್ ಎಂದು ಪ್ಲಾಸ್ಟಿಕ್ಕಿನ ಸದ್ದು. ಇನ್ನೊಂದು ಕಡೆ ಗೇಟಿನಲ್ಲಿ ಅತಿಥಿಗಳ ಕಾರಿನ ಹಾರ್ನು. ಸದಾಶಿವಯ್ಯ ಆ ಕಡೆ ನೋಡಿದರು, ಈ ಕಡೆ ನೋಡಿದರು. ಕೂತ್ಕೊಳಿ, ಕೂತ್ಕೊಳಿ ಎಂದು ಗಾಳಿಗೆ ಹೇಳಿ ಹೊರಟರು.

"ಅಂಗಲ್ಲ ಸಾ," ಎಂದ ಚಿಕ್ಕಯ್ಯ. "ನಮ್ ದೊಡ್ಡವ್ವಂಗೆ ಕಿವಿ ಮಂದ. ಮುಂದೆ ನಿಂತ್ಕೊಂಡು ಕೂತ್ಕೊಳಮ್ಮಾ ಅಂತ ಗಟ್ಟಿಯಾಗ್ ಏಳಿ."

ಸದಾಶಿವಯ್ಯ ಹೇಳಿದರು. ಗಟ್ಟಿಯಾಗಿಯೇ ಹೇಳಿದರು. ಚಲುವಮ್ಮ ಆಗಲೇ ಕೂತಿದ್ದೀನಲ್ಲಪ್ಪ ಎಂದಳು. ಅಕ್ಕಪಕ್ಕದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಮುಖ್ಯ ಅತಿಥಿಗಳಿಗೆ ವೇದಿಕೆಯ ಮೇಲೆ ಜಾಗ ಇದ್ದೇ ಇತ್ತು. ಅವರ ಜೊತೆ ಬಂದವರು ಎರಡನೇ ಸಾಲಿನಲ್ಲಿ ಕೂತರು. ಆಕಾಶವೇನೂ ಕಳಚಿ ಬೀಳಲಿಲ್ಲ.

ಭಾಷಣಗಳಾದ ಮೇಲೆ ಸಂವಾದ. ಮೈಕು ಹುಡುಗರ ಕೈಯಿಂದ ಕೈಗೆ ಹೋಯಿತು, ಮುಂದಿನ ಸಾಲಿಗೆ ಮಾತ್ರ ಬರಲಿಲ್ಲ. ಚಿಕ್ಕಯ್ಯ ಎದ್ದು ನಿಂತ. ಗಳದ ತುದಿಯಲ್ಲಿ ಕೂತ ಆಳಿಗೆ ಕೆಳಗಿನಿಂದ ಕೂಗಿ ಅಭ್ಯಾಸವಾದ ಗಂಟಲಿಗೆ ಮೈಕು ಯಾಕೆ?

"ಧರಣಿ ಮೇಡಮ್ಮೋರೇ, ಓದ್ ವರ್ಸ ನಮ್ ಕೊಪ್ಪಲ್ ಬಗ್ಗೆ ಇಲ್ಲೇ ಮಾತಾಡುದ್ರಲ್ಲ, ರಾಚಮ್ಮ ಅಂತ ಎಸ್ರು ಏಳುದ್ರಾ, ಇಲ್ವಾ? ಇವ್ರು ಅವ್ಳ ತಂಗಿ. ಅದೊಂದ್ ತಿಳ್ಕೊಂಡ್ ಓಗಕ್ ಬಂದವ್ರೆ."

ಧರಣಿ ಮೇಡಂ ಮೈಕು ತೆಗೆದುಕೊಂಡರು. ಮುಂದಿನ ಸಾಲಿನಲ್ಲಿ ಕೂತ ಮುದುಕಿಯನ್ನು ನೋಡಿದರು, ಕಣ್ಣು ತೆಗೆದು ಕೈಗಡಿಯಾರ ನೋಡಿದರು. ಅದು ಎರಡು ನಿಮಿಷದಲ್ಲಿ ಹೇಳುವ ವಿಷಯವಲ್ಲ ಎಂದರು. ಅಜ್ಜಿ ತಮ್ಮ ಜೀವನವನ್ನೇ ನನಗೆ ಕೊಟ್ಟಿದ್ದಾರೆ, ಅವರಿಗೆ ಅರ್ಧಂಬರ್ಧ ಉತ್ತರ ಕೊಡಲಾರೆ ಎಂದರು. "ಬರೋ ಭಾನುವಾರ ನಿಮ್ಮ ಕೊಪ್ಪಲಿಗೇ ಬಂದು, ಎಲ್ಲರ ಎದುರಿಗೆ, ಪೂರ್ತಿ ಉಪನ್ಯಾಸ ಮತ್ತೆ ಹೇಳ್ತೀನಿ. ಇದು ನನ್ನ ಮೇಲಿರೋ ಸಾಲ." ಸಭೆಯೆಲ್ಲ ಚಪ್ಪಾಳೆ ತಟ್ಟಿತು.

ಹೇಳಿದ್ದರೆ ಹೂಂ ಎನ್ನಲು ಎಷ್ಟು ಹೊತ್ತು ಬೇಕು? ಚಿಕ್ಕಯ್ಯ ಅದನ್ನೇ ಕೇಳಬೇಕೆಂದಿದ್ದ. ಚಪ್ಪಾಳೆಯಲ್ಲಿ ಅವನ ಗಂಟಲೂ ಮುಳುಗಿತು.

"ಏನಂದ್ಲು?" ಎಂದು ಕೇಳಿದಳು ಚಲುವಮ್ಮ.

"ಬತ್ತಳಂತೆ. ಮನೆತಕ್ ಬಂದು ಏಳ್ತಳಂತೆ."

"ಎಸ್ರು ಏಳುದ್ಲಾ, ಅದ್ ಕೇಳ್ಲಾ."

ಭಾನುವಾರ ಬೀದಿಯಲ್ಲಿ ಶಾಮಿಯಾನ ಕಟ್ಟಿದ. ಸ್ವಂತ ಬೀದಿಗೆ, ಸ್ವಂತ ಜನರಿಗೆ ಅವನು ಹಾಕಿದ ಮೊದಲ ಉಪನ್ಯಾಸ. ಗಣ್ಯರಿಗೆ ಎಂಬ ಸಾಲೇ ಇಲ್ಲದ ಹಾಗೆ ಕುರ್ಚಿಗಳನ್ನು ಅರ್ಧಚಂದ್ರಾಕಾರವಾಗಿ ಇಟ್ಟ. ಚಂದ್ರಮತಿ ಎಲ್ಲರಿಗೂ ಆಗುವಷ್ಟು ಉಪ್ಪಿಟ್ಟು ಕೆದಕಿದಳು. ಚಲುವಮ್ಮ ಬೆಳಗ್ಗೆಯೇ ಬಂದು ಕೂತಳು. ಬಿಸಿಲು ನೆತ್ತಿಗೆ ಬಂದ ಮೇಲೆ ಫೋನು ಬಂತು. ತುರ್ತು ಕೆಲಸವಂತೆ, ಮುಂದಿನ ವಾರ ಖಂಡಿತವಂತೆ. ಮುಂದಿನ ವಾರವೂ ಕಟ್ಟಿದ. ಆವತ್ತು ಫೋನೂ ಬರಲಿಲ್ಲ. ಪಕ್ಕದ ಬೀದಿಯವರು, ಏನಪ್ಪಾ, ನಿಮ್ಮ ಯೂನಿವರ್ಸಿಟಿ ಇವತ್ತೂ ರಜವಾ ಎಂದು ಹಂಗಿಸಿಕೊಂಡು ಹೋದರು. ಮೂರನೇ ಸಲ ಅವನು ಕಟ್ಟಲು ಹೊರಟಾಗ ಚಲುವಮ್ಮನೇ ಬೇಡ ಎಂದಳು.

ಆಷಾಢದಲ್ಲಿ ಅವಳು ಹಾಸಿಗೆ ಹಿಡಿದಳು. ಆಸ್ಪತ್ರೆ ಬೇಡ ಎಂದು ಹಟ ಮಾಡಿ ಮನೆಯಲ್ಲೇ ಉಳಿದಳು. ಕೊನೆಗಾಲದಲ್ಲಿ ಚಿಕ್ಕಯ್ಯನನ್ನು ಹತ್ತಿರ ಕರೆದು ಅವಳು ದೇವರ ಮಾತಾಡಲಿಲ್ಲ, ಆಸ್ತಿಯ ಮಾತಾಡಲು ಆಸ್ತಿ ಇರಲಿಲ್ಲ.

"ಅವ್ಳು ಯಾವತ್ತಾರ ಬಂದ್ರೆ ಬೈಬ್ಯಾಡ ಕಣೋ. ಕುಂಡ್ರುಸು. ಉಣ್ಣಕ್ಕಿಕ್ಕು. ಆದ್ರೆ ಅಕ್ಕುನ್ ಎಸ್ರು ಬಾಯಲ್ ಬರೋಗಂಟ ಆಚ್ಗೆ ಬುಡಬ್ಯಾಡ."

ಅವಳನ್ನು ಮಣ್ಣು ಮಾಡಿ ಬಂದ ಮೇಲೆ ಚಿಕ್ಕಯ್ಯ ಮತ್ತೆ ಡಿಪಾರ್ಟ್‌ಮೆಂಟಿಗೆ ಹೋದ. ಮೇಡಂ ಬೇರೆ ಊರಿನ ವಿಶ್ವವಿದ್ಯಾನಿಲಯದಲ್ಲಿ ದೊಡ್ಡ ಹುದ್ದೆ ಸಿಕ್ಕಿ ಹೊರಟುಹೋಗಿದ್ದರು. ಹಳೇ ನಂಬರು ಹತ್ತುತ್ತಿರಲಿಲ್ಲ. ಹೊಸ ನಂಬರನ್ನು ಕೊಡುವ ಹಾಗಿಲ್ಲ ಎಂದರು ಅಲ್ಲಿದ್ದವರು. ಸತ್ತವರ ಮನೆಯಿಂದ ಬಂದಿದ್ದೇನೆ ಎಂದ. ಅರ್ಜಿ ಕೊಡಿ ಎಂದರು. ನಾನು ಕೊಡುವುದು ಏನೂ ಇಲ್ಲ, ಕೊಡಬೇಕಾದವರು ನೀವು ಎಂದು ಬಾಗಿಲು ದೂಡಿಕೊಂಡು ಬಂದ.

ಈಗಲೂ ಮೈಸೂರಿನಲ್ಲಿ ಎಲ್ಲೇ ಸಾರ್ವಜನಿಕ ಉಪನ್ಯಾಸವಿರಲಿ, ಕುರ್ಚಿ ತನ್ನದಿರಲಿ ಬೇರೆಯವರದಿರಲಿ, ಚಿಕ್ಕಯ್ಯ ಬಿಳೀ ಪಂಚೆ ಉಟ್ಟುಕೊಂಡು ಹೋಗಿ ಮೊದಲ ಸಾಲಿನಲ್ಲಿ ಕೂರುತ್ತಾನೆ. ಎಬ್ಬಿಸಲು ಬಂದವರು ಅವನ ಮುಖ ನೋಡಿ ಮುಂದೆ ಹೋಗುತ್ತಾರೆ. ಕೊನೆಯಲ್ಲಿ ಪ್ರಶ್ನೆ ಇದ್ದವರು ಕೇಳಬಹುದು ಎಂದಾಗ ಎದ್ದು ನಿಲ್ಲುತ್ತಾನೆ. ವಿಷಯ ಉಪಗ್ರಹವಿರಲಿ, ಉಪನಿಷತ್ತಿರಲಿ, ಕುಂಬಾರಕೊಪ್ಪಲಿನಲ್ಲಿ ರಾಚಮ್ಮ ಎಂಬುವಳಿದ್ದಳು, ಇಟ್ಟಿಗೆಗೆ ಮಣ್ಣು ತೆಗೆಯುವಾಗ ದಡ ಕುಸಿದು ಸತ್ತಳು ಎಂದು ಹೇಳಿ ಕೂರುತ್ತಾನೆ. ಪ್ರಶ್ನೆ ಏನು ಎಂದು ಕೇಳಿದರೆ, ಪ್ರಶ್ನೆ ಕೇಳಿ ಆಗಿದೆ, ಉತ್ತರ ಬರಬೇಕು ಎನ್ನುತ್ತಾನೆ. ಹುಡುಗರು ನಗುತ್ತಾರೆ. ಹುಚ್ಚ ಎಂದವರೂ ಇದ್ದಾರೆ. ಅವನು ಕೇರು ಮಾಡುವುದಿಲ್ಲ.

ಮೊನ್ನೆ ಹಾಗೇ ಹೇಳಿ ಬಂದಾಗ ಚಂದ್ರಮತಿ ನೀರಿನ ಚೊಂಬು ಮುಂದಿಟ್ಟು, ಅಷ್ಟೂ ಸಭೆಯಲ್ಲಿ ನೀವೇ ಹೆಸರು ಹೇಳಿಬಿಟ್ಟಿರಲ್ಲ, ಇನ್ನಾದರೂ ತೀರಿತು ಎಂದುಕೊಳ್ಳಿ ಎಂದಳು.

"ಇಸ್ಕೊಂಡೋರು ಅವ್ರು," ಎಂದ ಚಿಕ್ಕಯ್ಯ. "ನಾನ್ ಕೊಟ್ರೆ ಎಂಗ್ ತೀರ್ತದೆ?"